ಹೂವು ಆಮೇಲೆ, ಮೊದಲು ಬೇರು ನೋಡಿ

ಕಳೆದ ತಿಂಗಳು ಒಬ್ಬರು ಬೆಂಗಳೂರಿನಿಂದ ಊರಿಗೆ ಹೋಗುವ ದಾರಿಯಲ್ಲಿ ನನ್ನ ನರ್ಸರಿ ಮುಂದೆ ಕಾರು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಫಲೆನಾಪ್ಸಿಸ್ ಅನ್ನುವ ಆರ್ಕಿಡ್ ಗಿಡ ಇತ್ತು. ಮಗಳ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟಿದ್ದು. ಮನೆಗೆ ಬಂದಾಗ ಹನ್ನೊಂದು ಬಿಳಿ ಹೂ ಇದ್ದವಂತೆ. ಈಗ ಉಳಿದಿದ್ದು ನಾಲ್ಕು ಸುಕ್ಕುಗಟ್ಟಿದ ಎಲೆ ಮಾತ್ರ.

"ಸರ್, ಎಲೆ ಬಾಡ್ತಾ ಇದೆ. ಅದಕ್ಕೇ ದಿನಾ ಎರಡು ಸಲ ನೀರು ಹಾಕ್ತಿದೀನಿ. ಆದ್ರೂ ಸರಿ ಹೋಗ್ತಿಲ್ಲ" ಅಂದರು.

ನಾನು ಎಲೆ ನೋಡಲಿಲ್ಲ. ಹೊರಗಿನ ಪಿಂಗಾಣಿ ಕುಂಡದಿಂದ ಒಳಗಿನ ಪ್ಲಾಸ್ಟಿಕ್ ಕುಂಡ ಎತ್ತಿದೆ. ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು. ಬೇರಿನ ಸುತ್ತ ಒದ್ದೆ ಪಾಚಿ. ಒಂದು ಬೇರು ಹಿಡಿದು ಮೆಲ್ಲಗೆ ಎಳೆದೆ. ಮೇಲಿನ ಸಿಪ್ಪೆ ಕೈಗೆ ಬಂತು, ಒಳಗಿನ ದಾರದಂಥ ಎಳೆ ಮಾತ್ರ ಗಿಡದಲ್ಲಿ ಉಳಿಯಿತು. ಗಿಡ ನೀರಿನಲ್ಲೇ ನಿಂತಿತ್ತು, ಆದರೆ ಕುಡಿಯುವ ಬೇರೇ ಸತ್ತು ಹೋಗಿತ್ತು. ಎಲೆ ಬಾಡಿದ್ದು ಅದಕ್ಕೆ. ಬಾಡಿದ ಎಲೆ ನೋಡಿ ಅವರು ಮತ್ತೆ ನೀರು ಹಾಕಿದ್ದರು, ಉಳಿದ ಬೇರುಗಳೂ ಕೊಳೆತವು.

ಇಪ್ಪತ್ತು ವರ್ಷದಿಂದ ಆರ್ಕಿಡ್ ಬೆಳೆಸುವುದೇ ನನ್ನ ಕಸುಬು. ನನ್ನ ಹತ್ತಿರ ಬರುವ ಕಾಯಿಲೆ ಗಿಡಗಳಲ್ಲಿ ಹೆಚ್ಚಿನವು ಹೀಗೆ ಪ್ರೀತಿ ಜಾಸ್ತಿಯಾಗಿ ಸೊರಗಿದವು. ಅದಕ್ಕೇ ಹೊಸದಾಗಿ ಈ ಹವ್ಯಾಸಕ್ಕೆ ಬರುವವರಿಗೆ ನಾನು ಮೊದಲು ಬೇರು ನೋಡಲು ಕಲಿಸುತ್ತೇನೆ.

ದಾಸವಾಳದ ಬೇರು ಸದಾ ಮಣ್ಣಿನೊಳಗೆ, ಕತ್ತಲಲ್ಲಿ ಇರುತ್ತದೆ. ಮರದ ಮೇಲೆ ಬೆಳೆಯುವ ಆರ್ಕಿಡ್‌ನ ಬೇರು ತೊಗಟೆಗೆ ಅಂಟಿಕೊಂಡಿರುತ್ತದೆ, ಇಲ್ಲವೇ ಗಾಳಿಯಲ್ಲಿ ನೇತಾಡುತ್ತದೆ. ಮಳೆ ಬಂದಾಗ ನೀರು, ಮಳೆ ನಿಂತ ಮೇಲೆ ಬರೀ ಬಿಸಿಲು, ಗಾಳಿ. ಸಿಕ್ಕ ಸ್ವಲ್ಪ ಹೊತ್ತಿನಲ್ಲೇ ನೀರು ಹಿಡಿದಿಟ್ಟುಕೊಳ್ಳಬೇಕು. ಅದಕ್ಕಾಗಿ ಬೇರಿನ ಸುತ್ತ ಸ್ಪಂಜಿನಂಥ ಹೊದಿಕೆ ಇದೆ. ವೆಲಮೆನ್ ಅಂತ ಅದರ ಹೆಸರು. ಅದರ ಕೋಶಗಳು ಸತ್ತು ಟೊಳ್ಳಾಗಿರುತ್ತವೆ. ಒಣಗಿದಾಗ ಆ ಟೊಳ್ಳಿನಲ್ಲಿ ಗಾಳಿ ತುಂಬಿರುತ್ತದೆ, ಬೇರು ಬೆಳ್ಳಿಯಂತೆ ಬೆಳ್ಳಗೆ ಕಾಣುತ್ತದೆ. ನೀರು ಬಿದ್ದ ಕೂಡಲೇ ಟೊಳ್ಳು ತುಂಬಿ ಹೊದಿಕೆ ಗಾಜಿನಂತಾಗುತ್ತದೆ, ಒಳಗಿನ ಹಸಿರು ಹೊರಗೆ ಕಾಣುತ್ತದೆ. ಎಲೆಯಲ್ಲಿರುವ ಹಸಿರೇ ಅದು. ಈ ಬೇರು ಬೆಳಕಿನಲ್ಲಿ ಸ್ವಲ್ಪ ಆಹಾರವನ್ನೂ ತಯಾರಿಸಿಕೊಳ್ಳುತ್ತದೆ.

ಈಗ ನಿಮ್ಮ ಗಿಡದ ಬೇರು ನೋಡಿ. ಬೆಳ್ಳಗಿದ್ದರೆ ನೀರು ಬೇಕು. ಹಸಿರಾಗಿದ್ದರೆ ಸುಮ್ನೆ ಬಿಡಿ. ಕಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಮೆತ್ತಗಿದ್ದರೆ ಆ ಬೇರು ಹೋಯಿತು ಅಂತ ಅರ್ಥ. ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹೇಳಲು ಆಗುವುದಿಲ್ಲ. ಮಾರ್ಚ್‌ನಲ್ಲಿ ಒಂದು ಲೆಕ್ಕ, ಜುಲೈನಲ್ಲಿ ಇನ್ನೊಂದು. ಬೇರಿನ ಬಣ್ಣ ಮಾತ್ರ ಎಲ್ಲ ಕಾಲಕ್ಕೂ ಸರಿಯಾಗಿ ಹೇಳುತ್ತದೆ. ಆರಂಭದಲ್ಲಿ ಒಳಗೆ ಕಾಣುವಂಥ ಪ್ಲಾಸ್ಟಿಕ್ ಕುಂಡ ಬಳಸಿ ಅನ್ನುವುದು ಇದಕ್ಕೇ.

ಸದಾ ಒದ್ದೆ ಇದ್ದರೆ ಏನಾಗುತ್ತದೆ? ಟೊಳ್ಳಿನ ತುಂಬ ನೀರೇ ನಿಂತು ಗಾಳಿ ಒಳಗೆ ಹೋಗಲು ದಾರಿ ಇರುವುದಿಲ್ಲ. ಬೇರಿಗೆ ಉಸಿರು ಕಟ್ಟುತ್ತದೆ. ಹಾಗೆ ದುರ್ಬಲವಾದ ಬೇರಿಗೆ ಕೊಳೆಸುವ ಶಿಲೀಂಧ್ರ ಹತ್ತುತ್ತದೆ.

ಆ ಫಲೆನಾಪ್ಸಿಸ್‌ನ ಸತ್ತ ಬೇರನ್ನೆಲ್ಲ ಕತ್ತರಿಸಿದೆ. ಗಟ್ಟಿಯಾಗಿದ್ದ ಮೂರು ಬೇರು ಉಳಿದವು. ಕತ್ತರಿಯನ್ನು ಮೊದಲು ಬೆಂಕಿಯಲ್ಲಿ ಕಾಯಿಸಿಕೊಂಡೆ. ಇದನ್ನು ದಯವಿಟ್ಟು ಮರೆಯಬೇಡಿ. ಆರ್ಕಿಡ್‌ಗಳ ವೈರಸ್ ರೋಗ ಕತ್ತರಿಯ ಮೂಲಕವೇ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುತ್ತದೆ, ಅದಕ್ಕೆ ಮದ್ದಿಲ್ಲ. ಕತ್ತರಿಸಿದ ಜಾಗಕ್ಕೆ ಮಾತ್ರ ಚೂರು ದಾಲ್ಚಿನ್ನಿ ಪುಡಿ ಹಚ್ಚಿ, ಇದ್ದಿಲು ಮತ್ತು ಹೆಂಚಿನ ಚೂರಿನಲ್ಲಿ ಕೂರಿಸಿದೆ. ಪಿಂಗಾಣಿ ಕುಂಡ ಬೇರೆ ಏನಕ್ಕಾದರೂ ಬಳಸಿ ಅಂದೆ.

ಕುಂಡಕ್ಕೆ ಏನು ತುಂಬಬೇಕು ಅನ್ನುವುದನ್ನು ನಿಮ್ಮ ಊರಿನ ಮಳೆ ನೋಡಿ ತೀರ್ಮಾನಿಸಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಎರಡೂ ಕಡೆ ಒಂದೇ ವಿಧಾನ ನಡೆಯುವುದಿಲ್ಲ, ಅಲ್ವಾ? ಮಲೆನಾಡಿನಲ್ಲಿ ಹೊರಗಿಡುವ ಗಿಡಕ್ಕೆ ನಾನು ತೆಂಗಿನ ಸಿಪ್ಪೆ ಹಾಕುವುದೇ ಇಲ್ಲ. ಬರೀ ಇದ್ದಿಲು, ಹೆಂಚಿನ ಚೂರು, ಇಲ್ಲವೇ ಮರದ ತುಂಡಿಗೆ ಕಟ್ಟುವುದು. ಬಯಲುಸೀಮೆಯಲ್ಲಿ ಸಿಪ್ಪೆ ಸೇರಿಸಬಹುದು. ಸೇರಿಸುವ ಮುಂಚೆ ಕೆಲವು ದಿನ ನೀರಿನಲ್ಲಿ ನೆನೆಹಾಕಿ, ಕಂದು ನೀರು ಚೆಲ್ಲುತ್ತಾ ಇರಬೇಕು. ಅದರ ಒಗರು ಮತ್ತು ಉಪ್ಪು ಬೇರಿಗೆ ಆಗುವುದಿಲ್ಲ. ನಗರದ ಬೋರ್‌ವೆಲ್ ನೀರಿನ ಗಡಸುತನವೂ ತೊಂದರೆಯೇ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ ಮಳೆನೀರು ಹಿಡಿದಿಟ್ಟು ಬಳಸಿ.

ನೀರು ಹಾಕುವುದು ಬೆಳಿಗ್ಗೆಯೇ ಆಗಬೇಕು. ಫಲೆನಾಪ್ಸಿಸ್ ಕಾಡಿನಲ್ಲಿ ಕೊಂಬೆಯಿಂದ ಓರೆಯಾಗಿ ನೇತಾಡುತ್ತದೆ. ಸುಳಿಗೆ ಬಿದ್ದ ಮಳೆನೀರು ತಾನಾಗಿಯೇ ಜಾರಿ ಹೋಗುತ್ತದೆ. ನಾವು ಅದನ್ನು ಕುಂಡದಲ್ಲಿ ನೆಟ್ಟಗೆ ನಿಲ್ಲಿಸುತ್ತೇವೆ. ಸಂಜೆ ಹಾಕಿದ ನೀರು ರಾತ್ರಿಯಿಡೀ ಸುಳಿಯಲ್ಲಿ ನಿಂತು ಗಿಡ ಕೊಳೆಯುತ್ತದೆ. ಅಪ್ಪಿತಪ್ಪಿ ನೀರು ನಿಂತರೆ ಬತ್ತಿಯ ಹಾಗೆ ಹೊಸೆದ ಬಟ್ಟೆಯಿಂದ ಹೀರಿ ತೆಗೆಯಿರಿ.

ಅಡಿಕೆ ತೋಟದವರಿಗೆ ಒಂದು ಮಾತು. ಅಡಿಕೆಗೆ ಕೊಳೆರೋಗ ತರುವುದು ಫೈಟಾಫ್ತೊರಾ ಅನ್ನುವ ಸೂಕ್ಷ್ಮಜೀವಿ. ಆರ್ಕಿಡ್‌ನ ಎಲೆ, ಕಾಂಡ ಕಪ್ಪಾಗಿ ಕೊಳೆಯುವ ರೋಗವೂ ಆ ಬಳಗದಿಂದಲೇ ಬರುತ್ತದೆ. ಹಾಗಂತ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ಡೆಂಡ್ರೋಬಿಯಂ ಅನ್ನುವ ಆರ್ಕಿಡ್‌ಗೂ ಹೊಡೆಯಬೇಡಿ. ಆ ದ್ರಾವಣದಲ್ಲಿರುವ ತಾಮ್ರ ಆ ಜಾತಿಗೆ ಆಗಿಬರುವುದಿಲ್ಲ, ಎಲೆ ಮತ್ತು ಹೂವು ಸುಡುತ್ತವೆ. ಕೆಲಸಕ್ಕಿಳಿದ ಮೊದಲ ವರ್ಷ ನಾನೇ ಹೀಗೆ ಮಾಡಿ ಒಂದು ಸಾಲು ಗಿಡ ಕಳೆದುಕೊಂಡಿದ್ದೇನೆ. ತೋಟಕ್ಕೆ ಔಷಧಿ ಹೊಡೆಯುವ ದಿನ ಕುಂಡಗಳನ್ನು ಜಗಲಿಗೆ ಎತ್ತಿಡಿ.

ಬೇರಿನ ತುದಿಯನ್ನೂ ಗಮನಿಸುವ ಅಭ್ಯಾಸ ಮಾಡಿಕೊಳ್ಳಿ. ತುದಿ ಹೊಳೆಯುವ ಹಸಿರೋ ನಸುಗೆಂಪೋ ಇದ್ದರೆ ಬೇರು ಬೆಳೆಯುತ್ತಿದೆ. ಗೊಬ್ಬರ ಕೊಡುವ ಕಾಲ ಅದು. ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ ಸಾಕು. ಒಣ ಬೇರಿಗೆ ಹಾಕಬೇಡಿ, ಮೊದಲು ಬರೀ ನೀರು, ಆಮೇಲೆ ಗೊಬ್ಬರದ ನೀರು. ತುದಿಯೂ ಬೆಳ್ಳಗೆ ಮುಚ್ಚಿಕೊಂಡಿದ್ದರೆ ಗಿಡ ಮಲಗಿದೆ. ಮಲಗಿದ ಗಿಡಕ್ಕೆ ಊಟ ಬೇಡ.

ಈ ಮಲಗುವ ವಿಷಯದಲ್ಲಿ ನಮ್ಮವರು ಎಷ್ಟೋ ಒಳ್ಳೆಯ ಗಿಡಗಳನ್ನು ತಿಪ್ಪೆಗೆ ಎಸೆದಿದ್ದಾರೆ. ಪಶ್ಚಿಮಘಟ್ಟದಲ್ಲಿ ಡೆಂಡ್ರೋಬಿಯಂ ಬಾರ್ಬಾಟುಲಮ್ ಅಂತ ಒಂದಿದೆ. ಮಳೆಗಾಲ ಮುಗಿದ ಮೇಲೆ ಅದರ ಎಲೆ ಹಳದಿಯಾಗಿ ಉದುರುತ್ತದೆ. ಒಣಕಲು ಕಡ್ಡಿಗಳ ಗುಂಪು ಮಾತ್ರ ಉಳಿಯುತ್ತದೆ. ಸತ್ತಿತು ಅಂತ ಯಾರಿಗಾದರೂ ಅನಿಸಬೇಕು. ಆದರೆ ಕಡ್ಡಿ ಮುಟ್ಟಿ ನೋಡಿದರೆ ಗಟ್ಟಿಯಾಗಿರುತ್ತದೆ. ಜನವರಿ ದಾಟುತ್ತಿದ್ದಂತೆ ಅದೇ ಬೋಳು ಕಡ್ಡಿಯ ತುದಿಯಲ್ಲಿ ಬಿಳಿ ಹೂಗಳ ಗೊಂಚಲು ಬರುತ್ತದೆ. ಆ ಬಿಡುವಿನ ತಿಂಗಳುಗಳಲ್ಲಿ ನೀರು ತೀರಾ ಕಡಿಮೆ ಕೊಡಬೇಕು. ಅಂಗಡಿಯಲ್ಲಿ ಸಿಗುವ ಡೆಂಡ್ರೋಬಿಯಂ ತಳಿಗಳು ಇಷ್ಟು ಪೂರ್ತಿ ಮಲಗುವುದಿಲ್ಲ. ಆದರೂ ಅವುಗಳ ಎಲೆ ಉದುರಿದ ಹಳೆಯ ಕಾಂಡ ಕತ್ತರಿಸಬೇಡಿ. ಅದು ಗಿಡದ ಕಣಜ. ಎಷ್ಟೋ ಸಲ ಅದರಿಂದಲೇ ಮತ್ತೆ ಹೂ ಬರುತ್ತದೆ.

ಗಿಡ ಚೆನ್ನಾಗಿದೆ, ಎಲೆ ಕಡು ಹಸಿರಾಗಿದೆ, ಮೂರು ವರ್ಷದಿಂದ ಹೂ ಇಲ್ಲ ಅನ್ನುವವರಿಗೆ ಉತ್ತರ ಆ ಕಡು ಹಸಿರಿನಲ್ಲೇ ಇದೆ. ಬೆಳಕು ಸಾಲದು. ಡೆಂಡ್ರೋಬಿಯಂ ಮತ್ತು ವಾಂಡಾ ಆರ್ಕಿಡ್‌ಗಳ ಎಲೆ ಸ್ವಲ್ಪ ಹಳದಿ ಬೆರೆತ ಹಸಿರಾಗಿರಬೇಕು. ಡೆಂಡ್ರೋಬಿಯಂಗೆ 50 ಶೇಕಡಾ ನೆರಳಿನ ಬಲೆ ಸಾಕು. ಫಲೆನಾಪ್ಸಿಸ್‌ಗೆ 75 ಬೇಕು.

ಇನ್ನು ಹೂವಿನ ಮಾತು. ನಮ್ಮಲ್ಲಿ ಬಹಳ ಜನ ತಮಗೆ ಗೊತ್ತಿಲ್ಲದೆಯೇ ಆರ್ಕಿಡ್ ಬೆಳೆದಿದ್ದಾರೆ. ವೆನಿಲ್ಲಾ ಕೂಡ ಆರ್ಕಿಡ್. 2003ರ ಸುಮಾರಿಗೆ ಬೆಲೆ ಏರಿದ್ದಾಗ ಮಲೆನಾಡು, ಕರಾವಳಿಯ ತೋಟಗಳಲ್ಲೆಲ್ಲ ಅದರ ಬಳ್ಳಿ ಇತ್ತು. ಬೆಳಿಗ್ಗೆ ಬೇಗ ಎದ್ದು ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡಿದ ಕೈಗಳು ಈಗಲೂ ಇವೆ. ಆಮೇಲೆ ಬೆಲೆ ಕುಸಿಯಿತು, ಬಳ್ಳಿಗೆ ರೋಗ ಬಂತು, ತುಂಬ ಜನ ನೋವು ತಿಂದರು. ಆದರೆ ಆ ಕೆಲಸ ಮಾಡಿದವರಿಗೆ ಆರ್ಕಿಡ್ ಹೂವಿನ ಒಳಗುಟ್ಟು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು. ಗಂಡು ಭಾಗ, ಹೆಣ್ಣು ಭಾಗ ಎರಡೂ ಒಂದೇ ಕಂಬದಲ್ಲಿ ಕೂಡಿರುತ್ತವೆ. ನಡುವೆ ಸಣ್ಣ ನಾಲಿಗೆಯಂಥ ಪರದೆ. ಕಡ್ಡಿಯಿಂದ ಪರದೆ ಎತ್ತಿ, ಹೆಬ್ಬೆರಳಿನಿಂದ ಪರಾಗ ಒತ್ತಬೇಕು. ಈ ಸುಲಭದ ಉಪಾಯ ಕಂಡುಹಿಡಿದವನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್. 1841ರಲ್ಲಿ. ಆಗ ಅವನು ಹನ್ನೆರಡು ವರ್ಷದ ಗುಲಾಮ ಹುಡುಗ. ಇವತ್ತಿಗೂ ಜಗತ್ತಿನ ವೆನಿಲ್ಲಾ ತೋಟಗಳಲ್ಲಿ ನಡೆಯುವುದು ಅವನು ತೋರಿಸಿದ ಕೈಚಳಕವೇ.

ಮನೆಯಲ್ಲಿ ಡೆಂಡ್ರೋಬಿಯಂ ಹೂ ಬಿಟ್ಟಾಗ ಒಂದು ಹೂವನ್ನು ಇದಕ್ಕಾಗಿ ಬಿಟ್ಟುಕೊಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇರಲಿ. ಕಂಬದ ತುದಿಯ ಪುಟ್ಟ ಟೋಪಿಯನ್ನು ಕಡ್ಡಿಯಿಂದ ಎತ್ತಿ. ಹಳದಿ ಕಾಳಿನಂಥ ಪರಾಗದ ಉಂಡೆಗಳು ಕಡ್ಡಿಗೆ ಅಂಟಿಕೊಂಡು ಬರುತ್ತವೆ. ಬೇರೆ ಹೆಚ್ಚಿನ ಹೂಗಳಲ್ಲಿ ಪರಾಗ ಪುಡಿ, ಇಲ್ಲಿ ಉಂಡೆ. ಜೇನ್ನೊಣದ ಬೆನ್ನಿಗೆ ಇಡೀ ಗಂಟು ಒಂದೇ ಸಲಕ್ಕೆ ಅಂಟುತ್ತದೆ. ಮಕ್ಕಳಿಗೆ ತೋರಿಸಿ, ಅವರು ಮರೆಯುವುದಿಲ್ಲ.

ಒಂದು ಗಂಟಿನಷ್ಟು ಪರಾಗ ಯಾಕೆ ಬೇಕು ಅಂದರೆ, ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜ. ಊದಿದರೆ ಹಾರುವ ಧೂಳು. ಭತ್ತದ ಕಾಳಿನಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇರುತ್ತದೆ, ಆರ್ಕಿಡ್ ಬೀಜದಲ್ಲಿ ಅದಿಲ್ಲ. ತೊಗಟೆಯ ಮೇಲೆ ಬಿದ್ದ ಬೀಜಕ್ಕೆ ಸರಿಯಾದ ಶಿಲೀಂಧ್ರ ಸಿಕ್ಕಿ, ಅದು ಉಣಿಸಿದರೆ ಮಾತ್ರ ಮೊಳಕೆ. ಇದನ್ನು ಮೊದಲು ಕಂಡುಕೊಂಡವರು ಫ್ರಾನ್ಸಿನ ನೋಯಲ್ ಬರ್ನಾರ್ಡ್, 1899ರಲ್ಲಿ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರ ಇಲ್ಲದೆ ಸಕ್ಕರೆ ಬೆರೆತ ಅಗಾರ್ ಅನ್ನುವ ಗಟ್ಟಿ ಲೋಳೆಯ ಮೇಲೆ ಬೀಜ ಮೊಳೆಯಿಸುವ ವಿಧಾನ ಪ್ರಕಟಿಸಿದರು. ಇಂದು ನರ್ಸರಿಗಳಲ್ಲಿ ಬಾಟಲಿಯಲ್ಲಿ ಸಸಿ ಎಬ್ಬಿಸುವುದು ಆ ದಾರಿಯಲ್ಲೇ. ನನ್ನ ಬಾಟಲಿಯಿಂದ ಹೊರಬಂದ ಡೆಂಡ್ರೋಬಿಯಂ ಸಸಿ ಹೂ ಬಿಡಲು ಮೂರು, ನಾಲ್ಕು ವರ್ಷ ಬೇಕು. ಕಾಡಿನಲ್ಲಿ ಇನ್ನೂ ನಿಧಾನ.

ಆದ್ದರಿಂದ ಕಾಡಿನಿಂದ ಕಿತ್ತ ಗಿಡ ಕೊಳ್ಳಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಗುರುತು ಹಿಡಿಯುವುದು ಹೇಗೆ? ಇಲ್ಲೂ ಬೇರನ್ನೇ ನೋಡಿ. ನರ್ಸರಿ ಗಿಡದ ಬೇರು ಕುಂಡದ ಆಕಾರಕ್ಕೆ ಸುತ್ತಿಕೊಂಡಿರುತ್ತದೆ. ಕಿತ್ತ ಗಿಡದ ಬೇರು ಒಂದು ಮಗ್ಗುಲಲ್ಲಿ ಚಪ್ಪಟೆ, ತುದಿ ಹರಿದಿರುತ್ತದೆ, ತೊಗಟೆಯ ಚೂರು ಅಂಟಿರುತ್ತದೆ. ಭಾರತದಲ್ಲಿ 1,250ಕ್ಕೂ ಹೆಚ್ಚು ಜಾತಿಯ ಆರ್ಕಿಡ್‌ಗಳಿವೆ. ಆರ್ಕಿಡ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಅನ್ನುವ, ಅಳಿವಿನಂಚಿನ ಜೀವಿಗಳನ್ನು ಕಾಯುವ ದೇಶದೇಶಗಳ ಒಪ್ಪಂದದ ಕಡಿವಾಣ ಇದೆ. ಮೀಸಲು ಅರಣ್ಯದಿಂದ ಅನುಮತಿ ಇಲ್ಲದೆ ಗಿಡ ತರುವುದು ಅಪರಾಧ.

ಹಾಗಾದರೆ ಮನೆಯ ಮರದ ಮೇಲೇ ಬಂದಿದ್ದರೆ? ಸಾಗರದ ಹತ್ತಿರದ ಒಂದು ಮನೆಗೆ ಹೋಗಿದ್ದಾಗ ಅಲ್ಲಿನ ಅಜ್ಜಿ ಅಂಗಳದ ಮಾವಿನ ಮರ ತೋರಿಸಿದರು. ಕವಲಿನ ತುಂಬ ಸೀತಾಳೆ ದಂಡೆ ಅನ್ನುವ ಆರ್ಕಿಡ್. "ತಮ್ಮಾ, ಇದು ಬಂದಣಿಕೆ ಜಾತಿನಾ? ಮರ ಒಣಗ್ತದೆ ಅಂತ ಮಗ ಕೀಳಿಸ್ತೀನಿ ಅಂತಾನೆ. ನಾನು ಮದುವೆಯಾಗಿ ಬಂದಾಗಿಂದ ನೋಡಿದ್ದು ಇದು" ಅಂದರು.

ಏಣಿ ಹಾಕಿ ಮಗನನ್ನೇ ಹತ್ತಿಸಿದೆ. ಒಂದು ಬೇರನ್ನು ಉಗುರಿನಿಂದ ಎಬ್ಬಿಸಿ ನೋಡಲು ಹೇಳಿದೆ. ಕೆಳಗೆ ತೊಗಟೆ ಹಾಗೇ ಇತ್ತು, ಗೀರು ಕೂಡ ಇಲ್ಲ. ಬಂದಣಿಕೆಯಾದರೆ ತೊಗಟೆ ಒಡೆದು ಒಳಗಿಳಿದು ಮರದ ನೀರು ಹೀರುತ್ತದೆ. ಅದು ಕೂತಲ್ಲಿ ಕೊಂಬೆ ಗಂಟುಗಟ್ಟುತ್ತದೆ. ಸೀತಾಳೆ ದಂಡೆ ಮರದಲ್ಲಿ ಕೂರಲು ಜಾಗ ಕೇಳುತ್ತದೆ ಅಷ್ಟೇ. ಅದಕ್ಕೆ ಬೇಕಾದ್ದು ಮಳೆಯಿಂದ, ಗಾಳಿಯಿಂದ, ತೊಗಟೆಯ ಸಂದಿಯ ಕಸದಿಂದ ಸಿಗುತ್ತದೆ. ಮಗ ಇಳಿದು ಬಂದು, "ಇರಲಿ ಬಿಡಮ್ಮ" ಅಂದ.

ಮೇ, ಜೂನ್‌ನಲ್ಲಿ ಅದು ಹೂ ಬಿಟ್ಟಾಗ ನೋಡಬೇಕು. ಬಿಳಿಯ ಮೇಲೆ ನೇರಳೆ ಚುಕ್ಕೆ. ಒಂದು ಜಡೆಯಲ್ಲಿ ನೂರಕ್ಕೂ ಹೆಚ್ಚು ಹೂ ಒತ್ತೊತ್ತಾಗಿ. ವನವಾಸದಲ್ಲಿ ಸೀತೆ ಮುಡಿದ ಹೂ ಅಂತ ನಮ್ಮ ಕಡೆ ಹೇಳುತ್ತಾರೆ. ಇದೇ ಹೂವನ್ನು ಅಸ್ಸಾಮಿನಲ್ಲಿ ಬಿಹು ಕುಣಿಯುವ ಹುಡುಗಿಯರು ಮುಡಿಗೆ ಸುತ್ತಿಕೊಳ್ಳುತ್ತಾರೆ. ಅಲ್ಲಿ ಇದು ರಾಜ್ಯದ ಹೂ.

ಮಳೆಗಾಲದ ಗಾಳಿಗೆ ನಿಮ್ಮ ಜಮೀನಿನ ಮರದ ಕೊಂಬೆ ಮುರಿದು ಬಿದ್ದರೆ ಒಮ್ಮೆ ಹತ್ತಿರ ಹೋಗಿ ನೋಡಿ. ದಂಡೆ ಇದ್ದರೆ ಬೇರು ಎಳೆಯಬೇಡಿ. ತೊಗಟೆ ಸಮೇತ ಕೆತ್ತಿ ತೆಗೆಯಿರಿ. ಮಾವು, ಹಲಸಿನ ಒರಟು ತೊಗಟೆ ಅದಕ್ಕೆ ಹಿತ. ಪೇರಲೆ ಬೇಡ, ಅದು ಸಿಪ್ಪೆ ಸುಲಿಯುತ್ತಲೇ ಇರುತ್ತದೆ. ಬೆಳಗಿನ ಬಿಸಿಲು ಬೀಳುವ ಕಡೆ, ನಿಮ್ಮ ಕಣ್ಣಿನ ಎತ್ತರಕ್ಕೆ, ತೆಂಗಿನ ನಾರಿನ ಹಗ್ಗದಿಂದ ಅಲ್ಲಾಡದಂತೆ ಕಟ್ಟಿ. ಅಲ್ಲಾಡಿದರೆ ಹೊಸ ಬೇರಿನ ತುದಿ ಉಜ್ಜಿ ಸಾಯುತ್ತದೆ. ಪ್ಲಾಸ್ಟಿಕ್ ದಾರ ಬೇಡ, ಆಮೇಲೆ ಅದನ್ನು ಬಿಚ್ಚುವಾಗ ಬೇರು ಹರಿಯುತ್ತದೆ. ನಾರಿನ ಹಗ್ಗ ಮಳೆಗೆ ನೆನೆದು ತಾನಾಗಿಯೇ ಕಳಚಿ ಬೀಳುತ್ತದೆ. ಅಷ್ಟು ಹೊತ್ತಿಗೆ ಬೇರು ಮರ ಹಿಡಿದಿರುತ್ತದೆ.