ದೊಡ್ಡ ಮಗುಗೆ ಟೈಮ್ ವೇಸ್ಟ್ ಆಗಲ್ವಾ?

ಹೋಮ್‌ಸ್ಕೂಲಿಂಗ್ ಮಾಡೋ ಮನೇಲಿ ಎರಡು ಮಕ್ಕಳಿದ್ರೆ, ಇಲ್ಲಾ ನಾಲ್ಕೈದು ಫ್ಯಾಮಿಲಿ ಸೇರ್ಕೊಂಡು ವಾರಕ್ಕೆ ಒಂದೆರಡು ದಿನ ಮಕ್ಕಳನ್ನ ಒಟ್ಟಿಗೆ ಕೂರಿಸ್ತಿದ್ರೆ, ಅಪ್ಪ ಅಮ್ಮಂದಿರು ನನ್ನ ಹತ್ರ ಕೇಳೋ ಮೊದಲನೇ ಪ್ರಶ್ನೆ ಇದೇ: "ಮೇಡಂ, ಚಿಕ್ಕವನಿಗೇನೋ ಅಕ್ಕನ್ನ ನೋಡಿ ಕಲಿಯೋಕೆ ಸಿಗತ್ತೆ, ದೊಡ್ಡವಳಿಗೆ ಟೈಮ್ ವೇಸ್ಟ್ ಅಲ್ವಾ?" ಓದು, ಲೆಕ್ಕದಲ್ಲಿ ಕಷ್ಟಪಡೋ ಮಕ್ಕಳ ಜೊತೆ ಕೆಲಸ ಮಾಡೋಳು ನಾನು, ನಾನು ನೋಡಿರೋದು ಇದಕ್ಕೆ ಪೂರ್ತಿ ಉಲ್ಟಾ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತಾಗ ಜಾಸ್ತಿ ಗಿಟ್ಟೋದು ದೊಡ್ಡ ಮಗುಗೇ.

ಚೌಕಾಬಾರ ಆಡೋವಾಗ ನೋಡಿ. ಐದು ವರ್ಷದವನಿಗೆ ಕವಡೆಯಲ್ಲಿ ಮೂರು ಬೀಳತ್ತೆ, ಅವನು ಕಾಯಿ ಕೂತಿರೋ ಮನೇನೇ ಒಂದು ಅಂತ ಎಣಿಸಿ ಎರಡೇ ಮನೆ ಮುಂದೆ ಹೋಗ್ತಾನೆ, ಈ ವಯಸ್ಸಲ್ಲಿ ಇದು ತುಂಬಾ ಕಾಮನ್. ಒಂಬತ್ತು ವರ್ಷದ ಅಕ್ಕ ಮೊದಲು "ತಪ್ಪು ತಪ್ಪು" ಅಂತ ಕಿರುಚಿದ್ಲು, ಕೆಲಸ ಆಗ್ಲಿಲ್ಲ, ಆಮೇಲೆ ಅವನ ಕೈ ಹಿಡ್ಕೊಂಡು "ಪುಟ್ಟ, ನೀನಿರೋ ಮನೆಯಿಂದ ಹೊರಗೆ ಕಾಲಿಟ್ಟ ಮೇಲೆ ಒಂದು" ಅಂದ್ಲು, ಅವನಿಗೆ ಹತ್ತಿತು. ಇದರಲ್ಲೇನು ವಿಶೇಷ ಅಂದ್ರೆ, ಇದೇ ಹುಡುಗಿ ಸಂಖ್ಯಾರೇಖೆ ಮೇಲೆ −2ರಿಂದ 3ಕ್ಕೆ ಎಷ್ಟು ಹೆಜ್ಜೆ ಅಂದ್ರೆ −2ನೂ ಸೇರಿಸಿ ಆರು ಅಂತಿದ್ಲು! ನಾನು ಎಷ್ಟೋ ಸಲ ತಿದ್ದಿದ್ದೆ, ತಿದ್ದಿದಾಗ ಸರಿ ಮಾಡ್ತಿದ್ಲು, ಮತ್ತೆ ಅದೇ. ತಮ್ಮನಿಗೆ ಹೇಳಿಕೊಟ್ಟ ಮೇಲೆ ಸಂಖ್ಯಾರೇಖೆ ಮೇಲೆ ಬೆರಳಿಟ್ಕೊಂಡು ತನಗೆ ತಾನೇ "ಹೊರಗೆ ಬಂದ್ಮೇಲೆ ಒಂದು" ಅಂತ ಗೊಣಗ್ಕೊಂಡು ಐದು ಅಂತ ಬರೆದ್ಲು. ತನಗೆ ಅರೆಬರೆ ಗೊತ್ತಿರೋದನ್ನ ಇನ್ನೊಬ್ಬರಿಗೆ ಹೇಳೋಕೆ ಹೋದಾಗ ಎಲ್ಲಿ ತೂತಿದೆ ಅಂತ ಮಗುಗೇ ಕಾಣತ್ತೆ, ನಾವು ಎಷ್ಟು ವಿವರಿಸಿದ್ರೂ ಇದು ಆಗಲ್ಲ.

ಓದೋದ್ರಲ್ಲಿ ಇನ್ನೂ ಜಾಸ್ತಿ. ಹತ್ತು ವರ್ಷದ ಮಗು ಒತ್ತಕ್ಷರ ಬಂದ ಕಡೆಯೆಲ್ಲ ಎಡವ್ತಿದೆ ಅನ್ಕೊಳ್ಳಿ, ಅದಕ್ಕೆ ಬೇಕಾಗಿರೋದು ಸುಲಭದ ಪುಸ್ತಕ, ಆದ್ರೆ ಕೊಟ್ರೆ "ಇದು ಪಾಪುಗಳದ್ದು" ಅಂತ ಮುಖ ತಿರುಗಿಸತ್ತೆ, ನಾಚಿಕೆ ಪಾಪ. ಅದೇ ಪುಸ್ತಕ ಕೈಗಿಟ್ಟು ನಾಲ್ಕು ವರ್ಷದ ತಂಗಿಗೆ ಓದಿ ಹೇಳು ಅನ್ನಿ, ಖುಷಿಯಾಗಿ ಓದತ್ತೆ. ಚಿಕ್ಕ ಮಕ್ಕಳಿಗೆ ಒಂದೇ ಕಥೆ "ಇನ್ನೊಂದ್ ಸಲ, ಇನ್ನೊಂದ್ ಸಲ" ಬೇಕು, ಹಂಗಾಗಿ ದೊಡ್ಡದು ಅದೇ ಪುಟನ ಬೇಜಾರಿಲ್ಲದೆ ಮತ್ತೆ ಮತ್ತೆ ಓದತ್ತೆ. ಸರಾಗವಾಗಿ ಓದೋಕೆ ನಾವು ಮಾಡಿಸೋ ಅಭ್ಯಾಸಾನೂ ಇದೇ, ಒಂದೇ ಪಠ್ಯನ ಪದೇ ಪದೇ ಗಟ್ಟಿಯಾಗಿ ಓದೋದು.

ಇದೆಲ್ಲ ಹೊಸ ಫ್ಯಾಷನ್ ಅಲ್ಲ. ನಮ್ಮೂರುಗಳ ಕೂಲಿಮಠದಲ್ಲಿ ಎಲ್ಲ ವಯಸ್ಸಿನವರೂ ಒಬ್ಬ ಐಗಳ ಮುಂದೆ ಕೂತು ಕಲಿತೋರೇ, ದೊಡ್ಡ ಹುಡುಗರು ಚಿಕ್ಕೋರಿಗೆ ಮರಳಲ್ಲಿ ಅಕ್ಷರ ತಿದ್ದಿಸ್ತಿದ್ರು. ಮದ್ರಾಸಲ್ಲಿ ಅನಾಥಾಲಯ ನೋಡ್ಕೊಳ್ತಿದ್ದ ಆಂಡ್ರ್ಯೂ ಬೆಲ್ ಇಲ್ಲಿನ ಮಕ್ಕಳು ಮರಳಲ್ಲಿ ಬರೆಯೋದನ್ನ ನೋಡಿ, ಮಕ್ಕಳಿಂದಲೇ ಮಕ್ಕಳಿಗೆ ಕಲಿಸೋ ಪದ್ಧತಿ ಮಾಡ್ಕೊಂಡು 1797ರಲ್ಲಿ ಅದನ್ನ ಬರೆದು ಲಂಡನ್ನಲ್ಲಿ ಪ್ರಕಟಿಸಿದ. ಮಾಂಟೆಸ್ಸರಿ ಮನೆಗಳಲ್ಲಿ ಮೂರರಿಂದ ಆರು ವರ್ಷದವರು ಒಟ್ಟಿಗೇ ಇರ್ತಾರೆ. ಅಷ್ಟು ದೂರ ಯಾಕೆ, 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿಕಲಿ ಅನ್ನೋ ಕಲಿಕೆ ಪದ್ಧತಿ ನೋಡಿ, ಒಂದರಿಂದ ಮೂರನೇ ಕ್ಲಾಸ್ ಮಕ್ಕಳು ಒಂದೇ ರೂಮಲ್ಲಿ, ಟೀಚರ್ ನೆರವಲ್ಲಿ ಕಲಿಯೋರ ತಟ್ಟೆ (ಅಂದ್ರೆ ಗುಂಪು) ಬೇರೆ, ಗೆಳೆಯರ ನೆರವಲ್ಲಿ ಕಲಿಯೋರ ತಟ್ಟೆ ಬೇರೆ, ಒಬ್ಬೊಬ್ಬರೇ ಮಾಡ್ಕೊಳ್ಳೋರ ತಟ್ಟೆ ಬೇರೆ. ಹೋಮ್‌ಸ್ಕೂಲ್ ಮಾಡೋರು ಹತ್ತಿರದ ಸರ್ಕಾರಿ ಶಾಲೇಲಿ ಪರ್ಮಿಷನ್ ತಗೊಂಡು ಒಂದರ್ಧ ದಿನ ಕೂತು ನೋಡಿ ಅಂತ ನಾನು ಯಾವಾಗ್ಲೂ ಹೇಳ್ತೀನಿ, ದುಡ್ಡು ಕೊಟ್ಟು ತರಿಸ್ಕೊಳ್ಳೋ ಕರಿಕ್ಯುಲಮ್‌ಗಿಂತ ಜಾಸ್ತಿ ಐಡಿಯಾ ಅಲ್ಲಿ ಸಿಗತ್ತೆ.

ಚಿಕ್ಕೋರಿಗೂ ಲಾಭ ಇಲ್ಲ ಅಂತಲ್ಲ. ಲಗೋರಿಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸ್ಕೊಂಡ ಮಗು ಸೋಲೋ ಭಯ ಇಲ್ಲದೆ ಆಟದ ನಿಯಮ ಎಲ್ಲ ಕಲ್ತು ಬಿಡತ್ತೆ.

ಆದ್ರೆ ಒಂದು ವಿಷಯ ದಯವಿಟ್ಟು ಗಮನಿಸಿ. ಕೆಲವು ಮನೇಲಿ ದೊಡ್ಡ ಮಗುನ ಫ್ರೀ ಟ್ಯೂಷನ್ ಟೀಚರ್ ಮಾಡ್ಬಿಡ್ತಾರೆ, ಅಮ್ಮ ಮೀಟಿಂಗಲ್ಲಿ, ಅಕ್ಕ ತಮ್ಮನಿಗೆ ಕಾಪಿ ಬರೆಸೋದು, ಇದು ನಾನು ಹೇಳ್ತಿರೋದಲ್ಲ, ಇದರಿಂದ ಅಕ್ಕನಿಗೆ ತಮ್ಮನ ಮೇಲೆ ಸಿಟ್ಟು ಬರತ್ತೆ ಅಷ್ಟೇ. ಒಟ್ಟಿಗೆ ಮಾಡೋ ಕೆಲಸ ಇಬ್ಬರಿಗೂ ನಿಜವಾಗ್ಲೂ ಬೇಕಾಗಿರ್ಬೇಕು: ಚಪಾತಿ ಹಿಟ್ಟು ಅಳೆಯೋದು, ಗಿಡಕ್ಕೆ ಪಾತಿ ಮಾಡೋದು, ಅಳಗುಳಿಮಣೆ ಆಡೋದು. ಎರಡು ಮೂರು ವರ್ಷ ವ್ಯತ್ಯಾಸ ಇದ್ರೆ ತಾವಾಗೇ ಹೊಂದ್ಕೊಳ್ತಾರೆ, ಆರೇಳು ವರ್ಷ ಆದ್ರೆ ಅದು ಆರೈಕೆ ಕಡೆ ವಾಲತ್ತೆ, ಆಗ ನಡುವಿನ ವಯಸ್ಸಿನ ಕಸಿನ್ನೋ ಪಕ್ಕದ ಫ್ಲ್ಯಾಟ್ ಮಗುನೋ ಸೇರಿಸ್ಕೊಳ್ಳಿ. "ನೋಡು ಚಿಕ್ಕವನಿಗೇ ಬರತ್ತೆ, ನಿನಗೆ ಬರಲ್ಲ" ಅನ್ನೋ ಮಾತು ಮಾತ್ರ ಬೇಡ, ಆ ಒಂದು ಮಾತಿಂದ ಓದಿ ಹೇಳೋದನ್ನೇ ನಿಲ್ಲಿಸಿದ ಮಕ್ಕಳನ್ನ ನೋಡಿದೀನಿ. ದೊಡ್ಡ ಮಗುಗೆ ದಿನಾ ಒಂದಿಷ್ಟು ಹೊತ್ತು ಯಾರೂ ಡಿಸ್ಟರ್ಬ್ ಮಾಡದ, ತನ್ನ ಲೆವೆಲ್ಲಿನ ಕಷ್ಟದ ಕೆಲಸನೂ ಇರ್ಲಿ, ಹನ್ನೆರಡು ಹದಿಮೂರು ದಾಟಿದ್ಮೇಲೆ ತನ್ನ ವಯಸ್ಸಿನ ಫ್ರೆಂಡ್ಸೂ ಬೇಕೇ ಬೇಕು. ಎನ್‌ಐಒಎಸ್‌ನಲ್ಲಿ, ಅಂದ್ರೆ ಶಾಲೆಗೆ ಹೋಗದೆ ಪರೀಕ್ಷೆ ಬರೆಯೋಕೆ ಇರೋ ಕೇಂದ್ರ ಸರ್ಕಾರದ ಮುಕ್ತ ಶಾಲಾ ಮಂಡಳೀಲಿ, ಹತ್ತನೇ ಕ್ಲಾಸಿಗೆ ಸೇರೋಕೆ ಹದಿನಾಲ್ಕು ತುಂಬಿರ್ಬೇಕು, ಅಲ್ಲಿವರೆಗೂ ಪೋರ್ಷನ್ ಮುಗಿಸೋ ಅವಸರ ನಿಮಗಿಲ್ಲ, ಆ ಟೈಮನ್ನ ಇದಕ್ಕೆ ಧಾರಾಳವಾಗಿ ಕೊಡಬಹುದು.