ಏದುಸಿರು ಶ್ವಾಸಕೋಶದ ತಪ್ಪಲ್ಲ

ಬೆಳಗ್ಗೆ ಆರಕ್ಕೆ ಕಬ್ಬನ್ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ. ಹೊಸದಾಗಿ ಓಟ ಶುರು ಮಾಡಿದವರನ್ನು ಯಾರೂ ತೋರಿಸಿಕೊಡಬೇಕಿಲ್ಲ. ಹೊಸ ಶೂ, ಕೈಯಲ್ಲಿ ಸ್ಮಾರ್ಟ್‌ವಾಚ್. ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಬರುವಷ್ಟರಲ್ಲಿ ಮಂಡಿ ಹಿಡಿದು ಬಗ್ಗಿ ನಿಂತಿರುತ್ತಾರೆ. ಕೇಳಿದರೆ, ‘ದಮ್ಮೇ ಇಲ್ಲ ಸಾರ್, ಲಂಗ್ಸ್ ವೀಕು’ ಎನ್ನುತ್ತಾರೆ. ಪಾಪ, ಲಂಗ್ಸ್‌ದು ಏನೂ ತಪ್ಪಿರುವುದಿಲ್ಲ.

ಆರೋಗ್ಯವಾಗಿರುವ ಹೆಚ್ಚಿನವರಲ್ಲಿ, ಎಷ್ಟೇ ಜೋರಾಗಿ ಓಡಿದರೂ ಶ್ವಾಸಕೋಶದಿಂದ ಹೊರಡುವ ರಕ್ತ ಆಕ್ಸಿಜನ್‌ನಿಂದ ಬಹುತೇಕ ಭರ್ತಿಯಾಗಿಯೇ ಇರುತ್ತದೆ. ಏದುಸಿರು ಬರುವುದು ಮುಖ್ಯವಾಗಿ ಸ್ನಾಯುಗಳು ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಆಚೆ ಹಾಕಲು. ಅಡಚಣೆ ಇರುವುದು ಮುಂದಿನ ದಾರಿಯಲ್ಲಿ. ಆ ರಕ್ತವನ್ನು ಕಾಲಿಗೆ ತಲುಪಿಸಬೇಕಾದದ್ದು ಹೃದಯ, ತಲುಪಿದ ಆಕ್ಸಿಜನ್ ಬಳಸಬೇಕಾದದ್ದು ಸ್ನಾಯು. ಒಳ್ಳೆಯ ಸುದ್ದಿ ಏನೆಂದರೆ, ಅಭ್ಯಾಸದಿಂದ ಶ್ವಾಸಕೋಶ ಅಷ್ಟಾಗಿ ಬದಲಾಗುವುದಿಲ್ಲ, ಆದರೆ ಈ ಎರಡೂ ಚೆನ್ನಾಗಿ ಬದಲಾಗುತ್ತವೆ.

ಮೈ ಬಳಸಬಲ್ಲ ಆಕ್ಸಿಜನ್‌ಗೆ ಒಂದು ಮಿತಿ ಇದೆ ಎಂದು ತೋರಿಸಿಕೊಟ್ಟವರಲ್ಲಿ ಮೊದಲಿಗರು ಬ್ರಿಟನ್ನಿನ ಎ. ವಿ. ಹಿಲ್. ಸ್ನಾಯುಗಳ ಮೇಲಿನ ಕೆಲಸಕ್ಕೆ 1922ರ ನೊಬೆಲ್ ಪಡೆದವರು. ಮ್ಯಾಂಚೆಸ್ಟರ್‌ನಲ್ಲಿ ಅವರು ಬೆನ್ನಿಗೆ ದೊಡ್ಡ ಗಾಳಿಚೀಲ ಕಟ್ಟಿಕೊಂಡು, ಬಾಯಿಗೆ ಕೊಳವೆ ಸಿಕ್ಕಿಸಿಕೊಂಡು, ಹುಲ್ಲಿನ ಮೇಲೆ ತಾವೇ ಸುತ್ತು ಹೊಡೆದರು. ಬಿಟ್ಟ ಉಸಿರೆಲ್ಲ ಚೀಲ ಸೇರುತ್ತಿತ್ತು. ಆಮೇಲೆ ಅದರಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಎಂದು ಅಳೆಯುವುದು. ವೇಗ ಹೆಚ್ಚಿದಂತೆ ಮೈ ಬಳಸುವ ಆಕ್ಸಿಜನ್ನೂ ಹೆಚ್ಚಿತು. ಒಂದು ಹಂತ ಮುಟ್ಟಿದ ಮೇಲೆ ಮಾತ್ರ, ಇನ್ನೂ ಜೋರಾಗಿ ಓಡಿದರೂ ಅದು ಏರಲಿಲ್ಲ. ಇವತ್ತು ನಿಮ್ಮ ವಾಚು ‘ವಿಒ2 ಮ್ಯಾಕ್ಸ್’ ಎಂದು ತೋರಿಸುವುದು ಇದನ್ನೇ. ಚೀಲವಿಲ್ಲದೆ, ಸುಮ್ನೆ ಅಂದಾಜಿನಲ್ಲಿ.

ಸುಮ್ಮನೆ ಕೂತಿದ್ದಾಗ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ ಐದು ಲೀಟರ್ ಆಯಿತು. ಜೋರಾಗಿ ಓಡುವಾಗ ಸಾಮಾನ್ಯ ಆರೋಗ್ಯವಂತರಲ್ಲಿ ಇದು 20 ಲೀಟರ್ ಆಸುಪಾಸು ಹೋಗುತ್ತದೆ. ಒಲಿಂಪಿಕ್ಸ್ ಮಟ್ಟದ ಓಟಗಾರರಲ್ಲಿ 35 ದಾಟುವುದೂ ಉಂಟು. ಅವರ ಹೃದಯ ನಮ್ಮದಕ್ಕಿಂತ ಜೋರಾಗಿ ಬಡಿಯುತ್ತದೆ ಎಂದೇನಲ್ಲ. ಹೃದಯ ಅತಿ ಹೆಚ್ಚೆಂದರೆ ಎಷ್ಟು ಬಡಿಯಬಲ್ಲದು ಎಂಬುದು ವಯಸ್ಸಿನ ಲೆಕ್ಕ, ಅಭ್ಯಾಸಕ್ಕೆ ಅದು ಬಗ್ಗುವುದಿಲ್ಲ. ಹೆಚ್ಚುವುದು ಒಂದೊಂದು ಬಡಿತಕ್ಕೆ ಹೋಗುವ ರಕ್ತ. ಮೊದಲ ಒಂದೆರಡು ವಾರದಲ್ಲೇ ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಹೆಚ್ಚಾಗುತ್ತದೆ. ಹೃದಯ ಚೆನ್ನಾಗಿ ತುಂಬಿಕೊಳ್ಳುತ್ತದೆ. ತಿಂಗಳುಗಟ್ಟಲೆ ಓಡಿದರೆ ಎಡಗಡೆಯ ಕೆಳಕೋಣೆಯೇ ಹಿಗ್ಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ನಾಡಿ ನೋಡಿಕೊಳ್ಳುವ ಅಭ್ಯಾಸ ಇದ್ದರೆ ಅದು ಮೆಲ್ಲಗೆ ಇಳಿಯುವುದು ಗೊತ್ತಾಗುತ್ತದೆ.

ಇನ್ನು ಸ್ನಾಯುವಿನ ವಿಷಯ. 1967ರಲ್ಲಿ ಅಮೆರಿಕದ ಜಾನ್ ಹೊಲೊಝಿ ಇಲಿಗಳನ್ನು ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಅವುಗಳ ಕಾಲಿನ ಸ್ನಾಯುವಿನಲ್ಲಿ, ಆಕ್ಸಿಜನ್ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಸಾಮರ್ಥ್ಯ ಹೆಚ್ಚುಕಮ್ಮಿ ಎರಡರಷ್ಟಾಗಿತ್ತು. ಮನುಷ್ಯರಲ್ಲೂ ಇದೇ ಬಗೆಯ ಬದಲಾವಣೆ ಆಗುತ್ತದೆ. ಜೊತೆಗೆ ಸ್ನಾಯುವಿನೊಳಗೆ ಕೂದಲಿಗಿಂತ ತೆಳುವಾದ ಹೊಸ ರಕ್ತನಾಳಗಳು ಮೂಡುತ್ತವೆ.

ಇವೆಲ್ಲ ಆಗಲು ಮಂಡಿ ಹಿಡಿದು ನಿಲ್ಲುವಷ್ಟು ಓಡಬೇಕಾಗಿಲ್ಲ. ಹೊಸಬರಿಗೆ ನಾನು ಹೇಳುವುದು ಇದೊಂದೇ: ನಿಧಾನ ಮಾಡಿ, ಹೆಚ್ಚು ಹೊತ್ತು ಓಡಿ. ಜೋರಾಗಿ ಓಡಿದರೆ ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ, ಮರುದಿನ ಕಾಲೇ ಏಳುವುದಿಲ್ಲ. ನಿಧಾನಕ್ಕೆ ನಲವತ್ತು ನಿಮಿಷ ಓಡಿದರೆ ನಾಳೆಯೂ ಬರಬಹುದು. ಎಷ್ಟು ನಿಧಾನ? ಪಕ್ಕದವರ ಜೊತೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕನ್ನು ಪೂರ್ತಿ ವಾಕ್ಯದಲ್ಲಿ ಬೈಯಲು ಆಗುವಷ್ಟು. ಎರಡು ಪದಕ್ಕೊಮ್ಮೆ ಉಸಿರು ತಡವರಿಸಿದರೆ ವೇಗ ಜಾಸ್ತಿ ಎಂದರ್ಥ. 220ರಿಂದ ವಯಸ್ಸು ಕಳೆಯುವ ಲೆಕ್ಕ ಎಲ್ಲರಿಗೂ ಗೊತ್ತು, ಆದರೆ ಅದು ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುತ್ತದೆ. ಮಾತಿನ ಪರೀಕ್ಷೆಯೇ ವಾಸಿ. ಬೇಕಿದ್ದರೆ ನಡುನಡುವೆ ನಡೆಯಿರಿ, ನಾಚಿಕೆ ಏನೂ ಬೇಡ.

ಜೋರು ಓಟ ಬೇಡವೇ ಬೇಡ ಎಂದಲ್ಲ. ಒಂದೆರಡು ತಿಂಗಳು ಕಳೆದ ಮೇಲೆ ವಾರಕ್ಕೊಮ್ಮೆ ಸಾಕು. ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ವಿಒ2 ಮ್ಯಾಕ್ಸ್ ಏರಿಸಲು ಇದು ಚೆನ್ನಾಗಿ ಪರೀಕ್ಷಿಸಿದ ದಾರಿ. ಹೃದಯದ ತೊಂದರೆ ಇರುವವರು, ಓಡುವಾಗ ಎದೆ ಹಿಡಿದಂತಾಗುವವರು ಮೊದಲು ಡಾಕ್ಟರನ್ನು ನೋಡಬೇಕು.

ಎಡವಟ್ಟಾಗುವುದು ಸಾಮಾನ್ಯವಾಗಿ ಈ ಎರಡನೇ ಮೂರನೇ ತಿಂಗಳಲ್ಲೇ. ದಮ್ಮು ಬಂದಿರುತ್ತದೆ, ಉಮೇದೂ ಬಂದಿರುತ್ತದೆ. ಮೂಳೆ ಮತ್ತು ಟೆಂಡನ್ (ಸ್ನಾಯುವನ್ನು ಮೂಳೆಗೆ ಬಿಗಿಯುವ ಪಟ್ಟಿ) ಮಾತ್ರ ಇನ್ನೂ ಹಿಂದೆಯೇ ಇರುತ್ತವೆ. ಮೂಳೆ ತನ್ನನ್ನು ಹೊಸದಾಗಿ ಕಟ್ಟಿಕೊಳ್ಳುವ ಒಂದು ಸುತ್ತಿಗೇ ಮೂರ್ನಾಲ್ಕು ತಿಂಗಳು ಬೇಕು, ಅದರಲ್ಲೂ ಹಳೆಯದನ್ನು ಕೆರೆದು ತೆಗೆಯುವ ಕೆಲಸ ಮೊದಲು. ಆ ಹೊತ್ತಲ್ಲಿ ಐದು ಕಿಲೋಮೀಟರ್‌ನಿಂದ ಏಕಾಏಕಿ ಹದಿನೈದಕ್ಕೆ ಹಾರಿದರೆ ಮಂಡಿಯ ಕೆಳಗೆ, ಕಾಲಿನ ಮುಂಭಾಗದಲ್ಲಿ ನೋವು ಶುರು. ನಮ್ಮ ಫುಟ್‌ಪಾತ್‌ಗಳ ಎದ್ದ ಕಲ್ಲುಗಳ ವಿಚಾರ ಬೇರೆ, ಅದನ್ನು ಬರೆಯಲು ಹೋದರೆ ಇನ್ನೊಂದು ಲೇಖನ ಆಗುತ್ತದೆ.

ಊರಿನ ಎತ್ತರದ ಬಗ್ಗೆಯೂ ಒಂದು ನಂಬಿಕೆ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ಓಡಿದರೆ ಬೆಟ್ಟದ ಮೇಲೆ ತರಬೇತಿ ಪಡೆದಂತೆ ಅಂತ. ಇಲ್ಲಿ ಗಾಳಿಯ ಒತ್ತಡ ಶೇಕಡಾ ಹತ್ತರಷ್ಟು ಕಡಿಮೆ ಇರುವುದು ನಿಜ. ಆದರೆ ಕೆಂಪು ರಕ್ತಕಣಗಳು ಹೇಳಿಕೊಳ್ಳುವಷ್ಟು ಹೆಚ್ಚಲು 2,000 ಮೀಟರ್ ಆಸುಪಾಸಿನ ಎತ್ತರದಲ್ಲಿ ವಾರಗಟ್ಟಲೆ ಇರಬೇಕು. ನಮ್ಮೂರಿನ ನಿಜವಾದ ಲಾಭ ತಂಪು ಹವೆ. ಅದು ಗೊತ್ತಾಗುವುದು ಜನವರಿಯಲ್ಲಿ ಮುಂಬೈಗೆ ಹೋಗಿ ಮ್ಯಾರಥಾನ್ ಓಡಿದಾಗ. ಅಲ್ಲಿನ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಲ್ಲಿ ಪ್ಲಾಸ್ಮಾ ಖಾಲಿಯಾಗುತ್ತದೆ, ಬಡಿತಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ. ವೇಗ ಅದೇ ಇದ್ದರೂ ಬಡಿತ ಏರುತ್ತಲೇ ಹೋಗುತ್ತದೆ. ಅದಕ್ಕೇ ಅಲ್ಲಿಗೆ ಹೋಗುವ ಎರಡು ವಾರ ಮೊದಲಿನಿಂದ ಮುಂಜಾನೆಯ ಚಳಿ ಬಿಟ್ಟು, ಬಿಸಿಲೇರಿದ ಮೇಲೆ ನಿಧಾನವಾಗಿ ಓಡಿ. ಬೆವರು ಬೇಗ ಬರಲು ಶುರುವಾಗುತ್ತದೆ, ಪ್ಲಾಸ್ಮಾ ಇನ್ನಷ್ಟು ಕೂಡಿಕೊಳ್ಳುತ್ತದೆ. ನೀರಿನ ಬಾಟಲಿ ಮಾತ್ರ ಮರೆಯಬೇಡಿ.