ಕಲ್ಲಿನ ಅಪ್ಸರೆ, ಕುಣಿಯುವ ಅಪ್ಸರೆ

ಕಳೆದ ತಿಂಗಳು ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಮೊಬೈಲ್ ಹಿಡಿದು ಬಂದಳು. ಕಾಂಬೋಡಿಯಾದ ಅಪ್ಸರಾ ನೃತ್ಯದ ವಿಡಿಯೊ. "ಮಿಸ್, ಇದು ನಮ್ಮ ಭರತನಾಟ್ಯವೇ ಅಲ್ವಾ? ಅಲ್ಲಿಗೆ ಹೋಗಿ ಸ್ವಲ್ಪ ಸ್ಲೋ ಆಗಿದೆ, ಅಷ್ಟೇ." ನಗು ಬಂತು. ಮೊದಲ ಸಲ ನೋಡಿದಾಗ ನನಗೂ ಹಾಗೇ ಅನ್ನಿಸಿತ್ತು.

ಪಾದ ನೋಡು ಅಂದೆ. ನಾವು ಅರಮಂಡಿಯಲ್ಲಿ, ಅಂದರೆ ಮಂಡಿಗಳನ್ನು ಬದಿಗೆ ತೆರೆದು ಅರ್ಧ ಕೂತು, ನೆಲ ತಟ್ಟುತ್ತೇವೆ. ಪಾದ ತಟ್ಟುವ ತಟ್ಟಡವಿನಿಂದಲೇ ಪಾಠ ಶುರು. ಖ್ಮೇರ್, ಅಂದರೆ ಕಾಂಬೋಡಿಯಾದ, ನರ್ತಕಿ ಹಾಗೆ ತಟ್ಟುವುದಿಲ್ಲ. ಬರಿಗಾಲಿನ ಬೆರಳುಗಳನ್ನು ಮೇಲಕ್ಕೆತ್ತಿಕೊಂಡು, ಜಾರಿದ ಹಾಗೆ ನಡೆಯುತ್ತಾಳೆ. ಒಂದು ಕಾಲನ್ನು ಮಂಡಿ ಮಡಿಸಿ ಹಿಂದಕ್ಕೆ ಎತ್ತಿದಳೋ, ಹಾರುತ್ತಿದ್ದಾಳೆ ಅಂತ ಅರ್ಥ. ಕಣ್ಣು, ಹುಬ್ಬು ನಮ್ಮಷ್ಟು ಆಡುವುದಿಲ್ಲ. ಕಥೆ ಹೇಳುವ ಕೆಲಸ ಪಕ್ಕದಲ್ಲಿ ಕೂತ ಹಾಡುಗಾರ್ತಿಯರದ್ದು. ಉಳಿದದ್ದೆಲ್ಲ ಕೈಯ ಮೇಲೆ.

ಆ ಕೈಯ ಭಂಗಿಗೆ ಅವರು 'ಕ್ಬಾಚ್' ಅನ್ನುತ್ತಾರೆ. ತೋರುಬೆರಳು ಚಾಚಿದರೆ ಚಿಗುರು. ಅಂಗೈ ನಿಲ್ಲಿಸಿ ಬೆರಳುಗಳನ್ನು ಹಿಂದಕ್ಕೆ ಬಾಗಿಸಿದರೆ ಎಲೆ. ಆಮೇಲೆ ಹೂ, ಕಾಯಿ. ಕಾಯಿ ಉದುರಿ ಮತ್ತೆ ಚಿಗುರು. ನಮ್ಮ ಹಸ್ತಗಳ ಹಾಗೆ ಒಂದೊಂದನ್ನೂ ಎಲ್ಲೆಲ್ಲಿ ಬಳಸಬೇಕು (ವಿನಿಯೋಗ) ಅಂತ ಪಟ್ಟಿ ಹಾಕಿ ಹೇಳುವ ರೀತಿಗಿಂತ ಇದು ಬೇರೆ. ಒಂದರಿಂದ ಇನ್ನೊಂದು ಬೆಳೆಯುತ್ತಾ ಹೋಗುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಕಲ್ಲಿನಲ್ಲಿ, ಮರದಲ್ಲಿ ಕೆತ್ತುವ ಬಳ್ಳಿ-ಎಲೆಗಳ ಅಲಂಕಾರಕ್ಕೂ ಅವರು ಕ್ಬಾಚ್ ಎಂದೇ ಅನ್ನುತ್ತಾರೆ. ಶಿಲ್ಪಿಗೂ ನರ್ತಕಿಗೂ ಒಂದೇ ಮಾತು! 967ರಲ್ಲಿ ಪ್ರತಿಷ್ಠೆಯಾದ ಕಾಂಬೋಡಿಯಾದ ಬಾಂತೆಯ್ ಸ್ರೇಯ ಗುಡಿಯಲ್ಲಿ ಬಾಗಿಲ ಮೇಲಿನ ಕೆಂಪು ಕಲ್ಲಿನ ಬಳ್ಳಿಗಳನ್ನು ನೋಡಿ. ಸುರುಳಿ ತುದಿಗಳು ಹಿಂದಕ್ಕೆ ಬಾಗಿದ ಬೆರಳುಗಳ ಹಾಗೇ ಕಾಣುತ್ತವೆ.

ಬೆರಳು ಅಷ್ಟು ಬಾಗಲು ಎಳೆ ವಯಸ್ಸಿನಲ್ಲೇ ಶುರು ಮಾಡಬೇಕು. ದಿನಾ ಬೆರಳನ್ನು ಹಿಂದಕ್ಕೆ ಒತ್ತಿ ಒತ್ತಿ ಅಭ್ಯಾಸ. ಹದಿನಾರು ವರ್ಷದ ನಮ್ಮ ಹುಡುಗಿ ಅಲ್ಲೇ ಪ್ರಯತ್ನಿಸಿ "ಆಆ" ಅಂದಳು. ಬಿಡು, ಸುಮ್ನೆ ಕೈ ಉಳುಕಿಸಿಕೊಳ್ಳಬೇಡ ಅಂದೆ.

ಈಗ ವಯಸ್ಸಿನ ವಿಷಯ. ಅಪ್ಸರಾ ನೃತ್ಯ ಸಾವಿರ ವರ್ಷ ಹಳೆಯದು ಅಂತ ಎಲ್ಲ ಕಡೆ ಬರೆಯುತ್ತಾರೆ. ಕುಣಿತ ಹಳೆಯದು, ನಿಜ. ಖ್ಮೇರ್ ದೊರೆ ಏಳನೇ ಜಯವರ್ಮನ ಕಾಲದ ತಾ ಪ್ರೋಮ್ ದೇವಾಲಯದ 1186ರ ಶಾಸನದಲ್ಲಿ 615 ನರ್ತಕಿಯರ ಲೆಕ್ಕ ಇದೆ. ಅವನೇ ಕಟ್ಟಿಸಿದ ಪ್ರೀಹ್ ಖಾನ್‌ನಲ್ಲಿ ಕುಣಿಯುವವರ ಸಾಲೇ ಕೆತ್ತಿರುವ ಒಂದು ಮಂಟಪ ಇದೆ. ಆ ಕಲ್ಲಿನ ಹುಡುಗಿಯರ ಮಂಡಿಗಳು ಎರಡೂ ಬದಿಗೆ ಚೆನ್ನಾಗಿ ತೆರೆದಿವೆ. ಇವತ್ತಿನ ಖ್ಮೇರ್ ನರ್ತಕಿಗಿಂತ ಅವು ನಮ್ಮ ಅರಮಂಡಿಗೇ ಹತ್ತಿರ.

ಆದರೆ ಆ ವಿಡಿಯೊದಲ್ಲಿದ್ದ 'ಅಪ್ಸರಾ' ಎಂಬ ಕಟ್ಟು ಇಪ್ಪತ್ತನೇ ಶತಮಾನದ ನಡುವಿನದು. ಕಾಂಬೋಡಿಯಾದ ದೊರೆಯಾಗಿದ್ದ ಸಿಹಾನುಕ್‌ರ ತಾಯಿ, ರಾಣಿ ಕೊಸಮಾಕ್, ಹಳೆಯ ರಾಜಧಾನಿ ಆಂಗ್ಕೋರ್‌ನ ಗುಡಿಗಳ ಕೆತ್ತನೆಗಳನ್ನು ನೋಡಿ ಅದನ್ನು ಹೊಸದಾಗಿ ಕಟ್ಟಿಸಿದರು. ಮುಖ್ಯ ಅಪ್ಸರೆಯಾಗಿ ಹೆಸರಾದವರು ಮೊಮ್ಮಗಳು ಬುಪ್ಪಾ ದೇವಿ. ಇದನ್ನು ಹೇಳಿದರೆ ಕೇಳಿದವರು ಮೋಸ ಹೋದ ಹಾಗೆ ಮುಖ ಮಾಡುತ್ತಾರೆ. ಯಾಕೆ? ನಾವು ಇವತ್ತು ವೇದಿಕೆಯಲ್ಲಿ ನೋಡುವ ಭರತನಾಟ್ಯಕ್ಕೆ ಆ ಹೆಸರು, ಆ ರೂಪ ಗಟ್ಟಿಯಾದದ್ದೂ 1930ರ ದಶಕದಲ್ಲೇ. ಅರಮನೆಯ ನೃತ್ಯ ಮಾತ್ರ ಕೊಸಮಾಕ್‌ರಿಗಿಂತ ಹಳೆಯದು. 1906ರಲ್ಲೇ ದೊರೆ ಸಿಸೊವತ್ ಜೊತೆ ಫ್ರಾನ್ಸಿಗೆ ಹೋದ ನರ್ತಕಿಯರನ್ನು ಕಂಡು ಶಿಲ್ಪಿ ರೊದ್ಯಾಂ ಮಾರ್ಸೇಲ್ಸ್‌ವರೆಗೂ ಬೆನ್ನುಹತ್ತಿ ಹೋಗಿ, ಸುಮಾರು 150 ಚಿತ್ರ ಬರೆದ. ಅವನ ಕಣ್ಣೂ ಆ ಕೈಗಳ ಮೇಲೇ.

1975ರ ಏಪ್ರಿಲ್‌ನಲ್ಲಿ ಅಧಿಕಾರ ಹಿಡಿದ ಕಮ್ಯುನಿಸ್ಟ್ ಖ್ಮೇರ್ ರೂಜ್ ಪಡೆ ರಾಜಧಾನಿ ನೋಮ್ ಪೆನ್ ಊರನ್ನೇ ಖಾಲಿ ಮಾಡಿಸಿತು. ಅರಮನೆಯ ಕಲೆ ಅಂದರೆ ಶತ್ರುವಿನ ಕಲೆ. ನೃತ್ಯದ ಗುರುಗಳು, ವಾದ್ಯದವರು ಬಹುತೇಕ ಎಲ್ಲರೂ ಸತ್ತುಹೋದರು. ಉಳಿದವರು ತಾವು ಯಾರೆಂದು ಹೇಳಿಕೊಳ್ಳದೆ ಗದ್ದೆಯಲ್ಲಿ ದುಡಿದು ಬದುಕಿದರು. ಅವರಲ್ಲೊಬ್ಬರು ಚಿಯಾ ಸಾಮಿ, ಚಿಕ್ಕಂದಿನಲ್ಲೇ ಅರಮನೆ ಸೇರಿ ಕುಣಿತ ಕಲಿತವರು. ಅವರ ಗಂಡನ ತಮ್ಮನೇ ಖ್ಮೇರ್ ರೂಜ್‌ನ ನಾಯಕ ಪೋಲ್ ಪಾಟ್! ದೇಶ ಆಳುತ್ತಿರುವವನು ತಮ್ಮ ಮೈದುನ ಅಂತ ಅವರಿಗೆ ಗೊತ್ತಾದದ್ದು ಗೋಡೆಯ ಮೇಲಿನ ಅವನ ಚಿತ್ರ ನೋಡಿದಾಗ.

1979ರಲ್ಲಿ ಆ ಆಳ್ವಿಕೆ ಬಿದ್ದ ನಂತರ ಉಳಿದವರು ಒಬ್ಬೊಬ್ಬರಾಗಿ ಒಟ್ಟಾದರು. ಹೆಣ್ಣು, ಗಂಡು, ರಾಕ್ಷಸ, ಕೋತಿ ಎಂದು ನಾಲ್ಕು ಬಗೆಯ ಪಾತ್ರ ಇರುವ ಕಲೆ ಇದು. ಪ್ರತಿಯೊಬ್ಬರೂ ಮುಖ್ಯವಾಗಿ ಒಂದರಲ್ಲೇ ಪಳಗಿದವರು. ಹಾಗಾಗಿ ರಾಕ್ಷಸನ ನಡೆ ಒಬ್ಬರಿಗೆ ನೆನಪಿದ್ದರೆ ಹಾಡಿನ ಸಾಲು ಇನ್ನೊಬ್ಬರಿಗೆ. ಪುಸ್ತಕ ನೋಡಿ ಕಲಿಸುವ ವಿದ್ಯೆಯೂ ಅಲ್ಲ. ಮೈ ನೆನಪಿಟ್ಟುಕೊಂಡಷ್ಟೇ ಬಂಡವಾಳ. ಚಿಯಾ ಸಾಮಿ ಮಕ್ಕಳ ಕೈಕಾಲು ಹಿಡಿದು ತಿದ್ದುತ್ತಾ ತೀರಿಕೊಳ್ಳುವವರೆಗೂ ಕಲಿಸಿದರು. 2003ರಲ್ಲಿ ಯುನೆಸ್ಕೊ ಈ ನೃತ್ಯವನ್ನು ಜಗತ್ತಿನ ಪರಂಪರೆ ಎಂದು ಸಾರಿತು. ಅದರ ಖ್ಯಾತಿ ದೊಡ್ಡದು, ಆದರೆ ನನ್ನ ಮಟ್ಟಿಗೆ ಕೈ ಹಿಡಿದು ತಿದ್ದಿದ್ದೇ ದೊಡ್ಡದು.

ಪಾಠದಲ್ಲೂ ಪ್ರದರ್ಶನಕ್ಕೆ ಮುಂಚೆಯೂ ಗುರುಗಳಿಗೆ, ತೀರಿಹೋದವರಿಗೂ, ಕೈಮುಗಿಯುವ 'ಸಂಪಿಯಾ ಕ್ರು' ಎಂಬ ಪೂಜೆ ಅವರಲ್ಲಿದೆ. ಮುಖವಾಡ, ಕಿರೀಟ ಇಟ್ಟು ಹಣ್ಣು-ಹೂ ಅರ್ಪಿಸುತ್ತಾರೆ. 'ಕ್ರು' ನಮ್ಮ ಗುರುವೇ. ಸಾಮಾನ್ಯವಾಗಿ ಅದು ನಡೆಯುವುದೂ ಗುರುವಾರವೇ. ಇದನ್ನು ಕೇಳಿದ ಮೇಲೆ ಆ ಹುಡುಗಿ ಶನಿವಾರದ ಪಾಠವನ್ನು ಗುರುವಾರಕ್ಕೆ ಬದಲಾಯಿಸಿ ಅಂತ ಗಂಟುಬಿದ್ದಿದ್ದಾಳೆ. ಗುರುವಾರ ಅವಳಿಗೆ ಟ್ಯೂಷನ್ ಇರಲ್ವಂತೆ.